ಆ ಮೂರು ನೋಟ್‌ಬುಕ್ ತೆರೆಯಿರಿ

ಮಾಸ್ತರರೆ, ನಮಸ್ಕಾರ.

ರೋಣದಿಂದ ನೀವು ಧಾರವಾಡಕ್ಕೆ, ನಮ್ಮ ಪತ್ರಿಕೆಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಪೈ ಘನದ ನಾಲ್ಕು ಪಟ್ಟಿಗೆ ಪೈ ವರ್ಗವನ್ನೂ ಪೈಯನ್ನೂ ಕೂಡಿಸಿದರೆ 137.0363, ಸೂಕ್ಷ್ಮ ರಚನಾ ಸ್ಥಿರಾಂಕದ (ವಿದ್ಯುತ್ ಕಣಗಳೂ ಬೆಳಕೂ ಒಂದರ ಮೇಲೊಂದು ಎಷ್ಟು ಬಲವಾಗಿ ವರ್ತಿಸುತ್ತವೆಂದು ಹೇಳುವ ಸಂಖ್ಯೆ) ವ್ಯುತ್ಕ್ರಮ 137.036, ಆದ್ದರಿಂದ ಆ ಸ್ಥಿರಾಂಕದ ಮೂಲ ವೃತ್ತದಲ್ಲಿದೆ ಎಂಬುದು ನಿಮ್ಮ ವಾದ. ಈ ರೂಪದಲ್ಲಿ ನಾನಿದನ್ನು ಅಚ್ಚು ಹಾಕಲಾರೆ. ಈ ಸೂತ್ರ ನಿಮಗಿಂತ ಮುಂಚೆಯೂ ಕೆಲವರಿಗೆ ಸಿಕ್ಕಿದೆ. ಆದರೆ ನನ್ನ ತಕರಾರು ಅದಲ್ಲ.

ನೀವು ಮೂರನೆಯ ದಶಮಾಂಶಕ್ಕೆ ನಿಂತಿರಿ, ಅಳತೆ ನಿಂತಿಲ್ಲ. ಅದು 137.035999 ದಾಟಿ ಇನ್ನೂ ಮುಂದಿನ ದಶಮಾಂಶಗಳಿಗೆ ಹೋಗಿದೆ. ನಿಮ್ಮ ಸೂತ್ರಕ್ಕೂ ಅದಕ್ಕೂ ಇರುವ ಅಂತರ 0.0003. ಅಳತೆಯ ಅನಿಶ್ಚಿತತೆಗಿಂತ ಇದು ಹತ್ತು ಸಾವಿರ ಪಟ್ಟು ದೊಡ್ಡದು. 1951ರಲ್ಲಿ ಲೆಂಟ್ಸ್ ಎಂಬುವರು ಪ್ರೋಟಾನ್ ಎಲೆಕ್ಟ್ರಾನಿಗಿಂತ ಎಷ್ಟು ಪಟ್ಟು ಭಾರ ಎಂಬ ಸಂಖ್ಯೆಗೂ ಪೈಯ ಐದನೆಯ ಘಾತದ ಆರು ಪಟ್ಟಿಗೂ ಇರುವ ಹೊಂದಿಕೆಯನ್ನು ಪ್ರಕಟಿಸಿದರು. ಆಗ ಎರಡೂ 1836.12. ಇವತ್ತಿನ ಅಳತೆ 1836.1527, ಸೂತ್ರ 1836.118ರಲ್ಲೇ ಉಳಿದಿದೆ.

ನಿನ್ನೆ ರಾತ್ರಿ ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಧಾರವಾಡದ ಪಿನ್ ಕೋಡ್ 580001. ಪೈಯ ಏಳನೆಯ ಘಾತವನ್ನು 192ರಿಂದ ಗುಣಿಸಿದರೆ 579896. ವ್ಯತ್ಯಾಸ ಹತ್ತು ಸಾವಿರದಲ್ಲಿ ಎರಡು ಪಾಲೂ ಇಲ್ಲ. ಪಿನ್ ಕೋಡಿಗೂ ವೃತ್ತಕ್ಕೂ ನಂಟಿಲ್ಲ. ಸಿಗುವ ತನಕ ಹುಡುಕಿದೆ, ಸಿಕ್ಕಿತು, ಅಷ್ಟೆ.

ಬೆಳಕಿನ ವೇಗದ ಅಂಕಿಯಲ್ಲೂ ನಂಟು ಹುಡುಕಿದ ಪುಟವನ್ನಂತೂ ಪೂರ್ತಿ ತೆಗೆಯಿರಿ. 299792458 ಎಂಬ ಅಂಕಿ ಮೀಟರು, ಸೆಕೆಂಡುಗಳಿಂದ ಬಂದದ್ದು. ಹರದಾರಿಯಲ್ಲಿ ಅಳೆದರೆ ಬೇರೆ ಅಂಕಿ ಬರುತ್ತದೆ.

ಇಷ್ಟು ಓದಿ ಬೇಸರವಾಗಿರಬಹುದು. ಆದರೆ ಅಂಕಿಗಳಲ್ಲಿ ನಂಟು ಹುಡುಕುವುದು ಹುಚ್ಚು ಎಂದು ನಾನು ಎಂದೂ ಹೇಳಲಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಬಾಮರ್ ಕೂಡ ನಿಮ್ಮ ಹಾಗೆ ಶಾಲೆಯ ಮಾಸ್ತರ. ಹೈಡ್ರೋಜನ್ನಿನ ಬೆಳಕಿನಲ್ಲಿ ಕಾಣುವ ನಾಲ್ಕು ಬಣ್ಣದ ಗೆರೆಗಳ ತರಂಗದೂರ ಮುಂದಿಟ್ಟುಕೊಂಡು, ಒಂದೇ ಸ್ಥಿರಾಂಕವನ್ನು 9/5, 4/3, 25/21, 9/8ರಿಂದ ಗುಣಿಸಿದರೆ ನಾಲ್ಕೂ ಬರುತ್ತವೆಂದು 1885ರಲ್ಲಿ, ಅರವತ್ತರ ವಯಸ್ಸಿನಲ್ಲಿ ತೋರಿಸಿದ. ಯಾಕೆ ಹಾಗೆಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಅದೇ ಸೂತ್ರದಿಂದ ಐದನೆಯ ಗೆರೆಯ ಜಾಗವನ್ನೂ ಲೆಕ್ಕ ಹಾಕಿದ, ಗೆರೆ ಅಲ್ಲೇ ಇತ್ತು. ಕಾರಣವನ್ನು ಭೌತವಿಜ್ಞಾನಿ ಬೋರ್ 1913ರಲ್ಲಿ ಕೊಟ್ಟ. ನಿಮ್ಮ ಸೂತ್ರದಿಂದ ಇನ್ನೊಂದು ಸಂಖ್ಯೆ, ಯಾರಾದರೂ ಅಳೆದು ನೋಡಬಹುದಾದದ್ದು, ಹುಟ್ಟುತ್ತದೆಯೆ? ಲೇಖನದಲ್ಲಿ ನನಗೆ ಕಾಣಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ನೀವು ಜೊತೆಗಿಟ್ಟ ಪತ್ರದ ಒಂದು ಸಾಲು: 'ಎರಡು ವರ್ಷ, ಮೂರು ನೋಟ್‌ಬುಕ್ ತುಂಬಿದವು.' ಅವುಗಳಲ್ಲಿ ನೀವು ಹೊಡೆದುಹಾಕಿದ ಸೂತ್ರಗಳೆಷ್ಟು? ಲೇಖನದಲ್ಲಿ ಗೆದ್ದದ್ದೊಂದೇ ಇದೆ. ಸೋತವುಗಳ ಲೆಕ್ಕ ಸಿಗದೆ, ಗೆದ್ದದ್ದರ ಬೆಲೆ ಓದುಗನಿಗೆ ತಿಳಿಯುವುದಿಲ್ಲ. ಅವನ್ನೆಲ್ಲ ಎಣಿಸಿ, ಯಾವುದನ್ನು ಯಾಕೆ ಬಿಟ್ಟಿರೆಂದು ಬರೆಯಿರಿ. ಶಾಲೆ ಬಿಟ್ಟ ಮೇಲೆ ಖಾಲಿ ವರ್ಗದಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ ಎಂದಿದ್ದೀರಲ್ಲ, ಅದೂ ಬರಲಿ. ಆರು ಪುಟವಾದರೂ ಜಾಗ ಕೊಡುತ್ತೇನೆ. ನೋಟ್‌ಬುಕ್ಕಿನ ಒಂದೆರಡು ಹಾಳೆಗಳ ಫೋಟೋ ಕೂಡ ಕಳಿಸಿರಿ, ಕಾಟು ಹೊಡೆದವನ್ನೇ.