ಅಣಕಿಸಬೇಕಾದ್ದು ಯಾರನ್ನು?

(ತಿಪಟೂರು ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರ ಪತ್ರ: ಒಂಬತ್ತನೇ ತರಗತಿಯ ಮಕ್ಕಳಿಗೆ ಅಣಕು ಜಾಹೀರಾತು ಬರೆಯಲು ಹೇಳಿದೆ. ಒಂದು ಗುಂಪು ‘ನಮ್ಮ ಕ್ರೀಮು ಹಚ್ಚಿ, ಏಳೇ ದಿನದಲ್ಲಿ ಇದ್ದಿಲಿನ ಥರ ಆಗಿ’ ಅಂತ ಬರೆದು ಓದಿತು. ಕ್ಲಾಸೆಲ್ಲಾ ನಕ್ಕಿತು. ಕಪ್ಪಗಿರುವ ಒಬ್ಬ ಹುಡುಗಿ ಮಾತ್ರ ತಲೆ ಎತ್ತಲಿಲ್ಲ. ನಾನು ಎಲ್ಲಿ ತಪ್ಪಿದೆ? ಇನ್ನು ಇದನ್ನು ಮಾಡಿಸಬೇಕೋ ಬೇಡವೋ?)

ಮೇಷ್ಟ್ರೇ,

ಮಾಡಿಸಿ. ಬಿಡಬೇಡಿ. ಎಲ್ಲರೂ ನಗುವಾಗ ನಗದೆ ಕೂತವಳು ನಿಮ್ಮ ಕಣ್ಣಿಗೆ ಬಿದ್ದಳಲ್ಲ, ಸರಿಮಾಡೋಕೆ ಅಷ್ಟು ಸಾಕು.

ಮಕ್ಕಳು ಕ್ರೀಮನ್ನು ಗೇಲಿ ಮಾಡಿದರು. ಕ್ರೀಮು ಹೇಳುವ ಸುಳ್ಳನ್ನು ಹಾಗೇ ಇಟ್ಟುಕೊಂಡರು. ಕಪ್ಪಾಗೋದು ಅವಮಾನ ಅನ್ನೋದು ಅಸಲಿ ಜಾಹೀರಾತಿನಲ್ಲೂ ಇತ್ತು, ಇವರ ಅಣಕಿನಲ್ಲೂ ಇದೆ. ಕಂಪನಿಯವರು ಓದಿದ್ದರೆ ಬೇಜಾರೇನೂ ಮಾಡಿಕೊಳ್ಳುತ್ತಿರಲಿಲ್ಲ. ಪುಕ್ಕಟೆ ಪ್ರಚಾರ!

ಈ ವ್ಯಾಪಾರದ ಗುಟ್ಟು ಕ್ರೀಮಿನಲ್ಲಿಲ್ಲ. ಮೊದಲು ನಿಮಗೊಂದು ಊನ ಇದೆ ಅಂತ ನಂಬಿಸಬೇಕು. ಆಮೇಲೆ ಮದ್ದು ಮಾರಬೇಕು. ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. ಆಮೇಲೆ ಟಿವಿಯಲ್ಲಿ ನಾವು ನೋಡಿದ ಕಥೆ ಹೆಚ್ಚುಕಡಿಮೆ ಒಂದೇ: ಕಪ್ಪಗಿರುವ ಹುಡುಗಿ, ಸಿಗದ ಕೆಲಸ, ಕೂಡಿಬರದ ಸಂಬಂಧ. ಟ್ಯೂಬು ಬಂತು, ಮುಖ ಬೆಳಗಿತು, ಎಲ್ಲವೂ ಕೈಗೆ ಬಂತು. ಜಾಹೀರಾತು ಉದ್ಯಮದವರೇ ತಮಗೆ ಕಡಿವಾಣ ಅಂತ 1985ರಲ್ಲಿ ಕಟ್ಟಿಕೊಂಡ ಮಂಡಳಿಯೊಂದಿದೆ, ಎಎಸ್‌ಸಿಐ ಅಂತ. ಕಪ್ಪಗಿರುವವರನ್ನು ಕೀಳಾಗಿ, ಪೆಚ್ಚುಮೋರೆ ಹಾಕಿಕೊಂಡವರಂತೆ ತೋರಿಸಬಾರದು ಅಂತ ಅದು ನಿಯಮ ಮಾಡಿದ್ದು 2014ರಲ್ಲಿ! ಕ್ರೀಮಿನ ಹೆಸರಿನ ‘ಫೇರ್’ ಹೋಗಿ ‘ಗ್ಲೋ’ ಆಗಿದ್ದು 2020ರಲ್ಲಿ. ಈಗ ಬಿಳುಪು ಅನ್ನೋದಿಲ್ಲ, ಕಾಂತಿ ಅಂತಾರೆ.

ಇದೇನೂ ಹೊಸ ವಿದ್ಯೆಯಲ್ಲ. ಬಾಯಿ ಮುಕ್ಕಳಿಸೋಕೆ ಬಳಸುವ ಅಮೆರಿಕದ ಲಿಸ್ಟರಿನ್ ಹುಟ್ಟಿದ್ದು 1879ರಲ್ಲಿ, ಆಪರೇಷನ್ ಮಾಡುವಾಗ ಬಳಸುವ ಕ್ರಿಮಿನಾಶಕವಾಗಿ. 1920ರ ದಶಕದಲ್ಲಿ ಅದನ್ನು ಬಾಯಿ ವಾಸನೆಯ ಮದ್ದು ಅಂತ ಮಾರಿದರು. ಬಾಯಿ ವಾಸನೆ ಅಂದರೆ ಯಾರು ಹೆದರುತ್ತಾರೆ? ‘ಹ್ಯಾಲಿಟೋಸಿಸ್’ ಅನ್ನುವ ಡಾಕ್ಟರ ಬಾಯಿಯ ಪದ ಹುಡುಕಿ ತಂದರು. ಅದರಿಂದಲೇ ಮದುವೆಯಾಗದೆ ಉಳಿದವಳು ಅಂತ ಒಬ್ಬ ಹುಡುಗಿಯ ಚಿತ್ರ ಹಾಕಿದರು. ಅಲ್ಲೂ ಮದುವೆಯಾಗದ ಹುಡುಗಿಯೇ ಬೇಕಾಯಿತು ನೋಡಿ.

ಹಾಗಾದರೆ ಗುರಿ ತಪ್ಪದ ಅಣಕು ಹೇಗಿರುತ್ತೆ? ಕ್ಯಾಮಲ್ ಸಿಗರೇಟಿಗೆ ಜೋ ಅನ್ನುವ ಕಾರ್ಟೂನ್ ಒಂಟೆ ಇತ್ತು. ಕಪ್ಪು ಕನ್ನಡಕ, ಬಾಯಲ್ಲಿ ಸಿಗರೇಟು, ಏನು ಗತ್ತು! ಅಮೆರಿಕದ ಆರು ವರ್ಷದ ಮಕ್ಕಳಿಗೆ ಮಿಕ್ಕಿ ಮೌಸ್‌ನಷ್ಟೇ ಚೆನ್ನಾಗಿ ಈ ಒಂಟೆಯ ಗುರುತೂ ಇದೆ ಅಂತ 1991ರ ಒಂದು ಅಧ್ಯಯನ ಹೇಳಿತು. ಕೆನಡಾದ ‘ಆಡ್‌ಬಸ್ಟರ್ಸ್’ ಪತ್ರಿಕೆ ಅದೇ ಒಂಟೆಯನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿತು. ಹೆಸರು ಜೋ ಕೀಮೋ. ಕೀಮೋ ಅಂದರೆ ಕ್ಯಾನ್ಸರಿಗೆ ಕೊಡುವ ಚಿಕಿತ್ಸೆ. ಅದೇ ಮೂತಿ, ಅದೇ ಗೆರೆ. ಗತ್ತು ಮಾತ್ರ ಇಳಿದುಹೋಗಿದೆ. ಸೇದುವವರನ್ನು ಅದು ಆಡಿಕೊಳ್ಳುವುದಿಲ್ಲ. ಅವರಿಗೆ ತೋರಿಸಿದ ಕನಸನ್ನು ಆಡಿಕೊಳ್ಳುತ್ತೆ.

ಮುಂದಿನ ಸಲ ಬರೆಯಲು ಬಿಡುವ ಮುಂಚೆ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: ಈ ಜಾಹೀರಾತು ನೋಡೋಕೆ ಮುಂಚೆ ನಿನಗೆ ಇಲ್ಲದಿದ್ದ ಯಾವ ಚಿಂತೆ ಈಗ ಹತ್ತಿಕೊಂಡಿತು? ಉತ್ತರ ಸಿಕ್ಕರೆ ಅಣಕು ತಾನೇ ಬರುತ್ತೆ. ಸಿಗದಿದ್ದರೆ ಬರೀ ಜೋಕ್ ಬರುತ್ತೆ.

ಇನ್ನೊಂದು ಉಪಾಯ. ಮಾರೋಕೆ ಆಗದೇ ಇರೋದನ್ನು ಮಾರಲು ಹೇಳಿ. ನಿಮ್ಮ ಪತ್ರ ಓದಿ ನಾವೇ ಆಫೀಸಿನಲ್ಲಿ ಟೀ ಹೊತ್ತಿಗೆ ಒಂದು ಮಾಡಿದೆವು:

‘ಹೊಂಗೆ ಗೋಲ್ಡ್! ಈಗ ಶೇ. 100 ಶುದ್ಧ ನೆರಳು. ನಿಮ್ಮ ಮಗುವಿಗೆ ಇನ್ನೂ ಮಾಮೂಲಿ ನೆರಳೇ? ಪಕ್ಕದ ಮನೆಯವರು ಆಗಲೇ ಬದಲಾಯಿಸಿದ್ದಾರೆ. 10ರಲ್ಲಿ 9 ಮಂದಿ ತಂಪು ಅಂದಿದ್ದಾರೆ*. ₹999ರ ನೆರಳು ಇಂದು ಮಾತ್ರ ₹499. ಜೊತೆಗೆ ಗಾಳಿ ಉಚಿತ!’

ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ: ‘*ಹತ್ತೂ ಮಂದಿ ನಮ್ಮ ಮನೆಯವರೇ. ಷರತ್ತುಗಳು ಅನ್ವಯ. ರಾತ್ರಿ ನೆರಳು ಲಭ್ಯವಿಲ್ಲ.’

ನಕ್ಕಾದ ಮೇಲೆ ಬಿಚ್ಚಿಸಿ. ತಾಯಿಯ ಎದೆಗೆ ಚುಚ್ಚಿದ ಸಾಲು ಯಾವುದು? ₹999 ಅನ್ನೋ ಬೆಲೆ ಯಾವತ್ತಾದರೂ ಇತ್ತಾ? ‘ಇಂದು ಮಾತ್ರ’ ಅನ್ನೋದನ್ನು ನಾಳೆಯೂ ಬರೆದರೆ? ಹೀಗೆ ಸುಮ್ನೆ ಅವಸರ ಹುಟ್ಟಿಸೋದು ಆನ್‌ಲೈನ್ ಅಂಗಡಿಗಳ ಹಳೇ ಚಾಳಿ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಇಂಥ 13 ಚಾಳಿಗಳನ್ನು ಪಟ್ಟಿ ಮಾಡಿ ತಡೆ ಹಾಕಿದೆ. ‘ಇಲ್ಲ, ನನಗೆ ಉಳಿತಾಯ ಬೇಡ’ ಅಂತ ಬಟನ್ ಕೊಟ್ಟು ನಮ್ಮನ್ನು ನಾಚಿಸೋದು ಕೂಡ ಆ ಪಟ್ಟಿಯಲ್ಲಿದೆ. ಮಕ್ಕಳ ಮನೆಯ ಫೋನಿನಲ್ಲೇ ಜಾಸ್ತಿ ಉದಾಹರಣೆ ಸಿಗುತ್ತವೆ, ಹುಡುಕಿಸಿ.

ಆ ಹುಡುಗಿಯ ವಿಷಯ. ಅವಳನ್ನು ಎದ್ದು ನಿಲ್ಲಿಸಿ ಸಮಾಧಾನ ಹೇಳಬೇಡಿ. ಅದು ಇನ್ನೂ ಕಷ್ಟ. ಅದೇ ಗುಂಪಿನ ಹುಡುಗರಿಗೆ ಕ್ರೀಮಿನ ಜಾಹೀರಾತನ್ನು ಮತ್ತೆ ಬರೆಯಲು ಕೊಡಿ, ಈ ಸಲ ಟ್ಯೂಬು ಮಾರುವವನ ಬಾಯಲ್ಲಿ: ‘ಅಯ್ಯೋ, ಇವಳು ಖುಷಿಯಾಗಿದ್ದಾಳಲ್ಲ, ಇನ್ನು ನನ್ನ ಗತಿ?’ ಅಂತ ಶುರುವಾಗಲಿ.

ಅಂದಹಾಗೆ, ನಮ್ಮ ಪತ್ರಿಕೆಯೂ ಜಾಹೀರಾತಿನ ದುಡ್ಡಿನಲ್ಲೇ ನಡೆಯೋದು. ನೀವು ಕೊಡುವ ಬೆಲೆಯಲ್ಲಿ ಕಾಗದದ ಖರ್ಚೂ ಹುಟ್ಟುವುದಿಲ್ಲ. ಹಾಗಂತ ನಮ್ಮನ್ನು ಬಿಡಬೇಡಿ. ಈ ಸಂಚಿಕೆಯ ಹಿಂದಿನ ರಕ್ಷಾಪುಟವನ್ನೇ ಹರಿದು ಮಕ್ಕಳಿಗೆ ಕೊಡಿ. ಚೆನ್ನಾಗಿ ಬಂದಿದ್ದನ್ನು ಕಳಿಸಿ, ಅಚ್ಚು ಹಾಕುತ್ತೇವೆ. ಜಾಹೀರಾತು ವಿಭಾಗದವರಿಗೆ ನಾನು ಮೊದಲೇ ಹೇಳೋದಿಲ್ಲ.

– ಸಂಪಾದಕ