ಉಪ್ಪಿನಕಾಯಿ ಬಾಟಲಿಯಲ್ಲಿ ಎರೆಹುಳು ಯಾಕೆ ಬದುಕಲಿಲ್ಲ?

ಪ್ರಶ್ನೆ: ಮೂಡಿಗೆರೆ ಕಡೆಯ ಹಳ್ಳಿ ಶಾಲೆಯಲ್ಲಿ ಎರಡನೇ ತರಗತಿ ಟೀಚರ್ ನಾನು. ಮಕ್ಕಳಿಗೆ ತೋರಿಸಲು ಪರಿಚಯದವರ ಎರೆಗೊಬ್ಬರದ ತೊಟ್ಟಿಯಿಂದ ಹತ್ತು ಹುಳು ತಂದೆ. ಹಳೇ ಉಪ್ಪಿನಕಾಯಿ ಬಾಟಲಿಯಲ್ಲಿ ಮಣ್ಣು, ಮರಳಿನ ಪದರ ಮಾಡಿ ಬಿಟ್ಟು, ಕಿಟಕಿ ಹತ್ತಿರ ಇಟ್ಟೆ. ಅವು ಕೆಳಗೆ ಇಳಿಯಲೇ ಇಲ್ಲ. ಮೂರನೇ ದಿನಕ್ಕೆ ಆರು ಸತ್ತವು. ಮಕ್ಕಳು ಅತ್ತರು. ಎಲ್ಲಿ ತಪ್ಪಿದೆ? ಜೊತೆಗೆ, ಎರಡು ತುಂಡು ಮಾಡಿದರೆ ಎರಡು ಹುಳು ಆಗುತ್ತೆ ಅಂತ ಒಬ್ಬ ಹುಡುಗ ಹಟ ಹಿಡಿದಿದ್ದಾನೆ. ನಿಜವೇ?

ಉತ್ತರ: ನನಗೆ ಮೊದಲ ಅನುಮಾನ ಬಾಟಲಿ ಮೇಲೆಯೇ, ಮೇಡಂ. ಎರೆಹುಳುವಿಗೆ ಶ್ವಾಸಕೋಶ ಇಲ್ಲ. ಒದ್ದೆ ಚರ್ಮದಿಂದಲೇ ಉಸಿರಾಡುತ್ತದೆ. ಉಪ್ಪು ತಾಗಿದರೆ ಆ ಚರ್ಮದ ನೀರೆಲ್ಲ ಹೊರಗೆ. ಉಪ್ಪಿನಕಾಯಿ ಬಾಟಲಿ ಎಷ್ಟು ತೊಳೆದರೂ ಮುಚ್ಚಳದ ಸಂದಿಯಲ್ಲಿ ಏನೋ ಉಳಿದಿರುತ್ತದೆ. ಅದರ ಮೇಲೆ ಕಿಟಕಿ ಬಿಸಿಲು ಬೇರೆ.

ಕೆಳಗೆ ಇಳಿಯದ್ದಕ್ಕೆ ಕಾರಣ ಇನ್ನೊಂದು. ಗೊಬ್ಬರದ ತೊಟ್ಟಿಯಲ್ಲಿ ಸಾಕುವವು ಹೆಚ್ಚಾಗಿ ಹೊರದೇಶದ ಜಾತಿಗಳು: ಐಸೀನಿಯಾ, ಯೂಡ್ರಿಲಸ್. ಸಗಣಿ, ಕೊಳೆತ ಎಲೆಯ ನಡುವೆ ಮೇಲ್ಮೇಲೆಯೇ ಬಾಳುವಂಥವು. ಬರೀ ಮಣ್ಣು, ಮರಳಿನಲ್ಲಿ ಅವು ತಿನ್ನುವುದಾದರೂ ಏನನ್ನು? ಪದರ ಕಲಸುವುದನ್ನು ತೋರಿಸಬೇಕಾದರೆ ಮಣ್ಣು ಕೊರೆಯುವ ನಾಟಿ ಹುಳು ಬೇಕು. ಮಳೆ ಬಿದ್ದ ಮೇಲೆ ಹಿತ್ತಲಿನ ಬಾಳೆ ಬುಡ ಕೆದಕಿ, ಸಿಗುತ್ತವೆ. ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದ ಅಡಿಕೆ, ಕಾಫಿ ಬುಡದಲ್ಲಿ ಹುಡುಕಬೇಡಿ. ಮೈಲುತುತ್ತದ ತಾಮ್ರ ಮಣ್ಣಿಗೆ ಸೇರಿರುತ್ತದೆ, ಅದು ಎರೆಹುಳುವಿಗೆ ಆಗಿಬರುವುದಿಲ್ಲ.

ಹತ್ತು ಜಾಸ್ತಿಯಾಯಿತು, ನಾಲ್ಕು ಸಾಕು. ಅಗಲ ಬಾಯಿಯ ಪಾರದರ್ಶಕ ಡಬ್ಬ, ತೂತು ಮಾಡಿದ ಮುಚ್ಚಳ, ಸುತ್ತ ಕಪ್ಪು ಬಟ್ಟೆ. ಮಣ್ಣು ತೇವವಾಗಿರಲಿ, ಹಿಂಡಿದರೆ ನೀರು ಇಳಿಯಬಾರದು. ಮೇಲೆ ಒಂದು ಹಿಡಿ ತರಗೆಲೆ. ವಾರ ಕಳೆದ ಮೇಲೆ ತಂದ ಜಾಗಕ್ಕೇ ವಾಪಸ್ ಬಿಡಿಸಿ.

ನೋಡುವುದಕ್ಕಿಂತ ಕೇಳಿಸುವುದು ಮಕ್ಕಳಿಗೆ ಹೆಚ್ಚು ಇಷ್ಟವಾಗುತ್ತದೆ. ಕೈ ಒದ್ದೆ ಮಾಡಿಕೊಂಡು ದೊಡ್ಡ ಹುಳುವೊಂದನ್ನು ಒರಟು ಕಾಗದದ ಮೇಲೆ ಅರ್ಧ ನಿಮಿಷ ಬಿಡಿ. ಎಲ್ಲರೂ ಸುಮ್ಮನಾದರೆ ಸಣ್ಣಗೆ ಕೆರೆಯುವ ಸದ್ದು ಕೇಳುತ್ತದೆ. ಮೈಮೇಲಿನ ಬಿರುಗೂದಲಿನದು ಅದು. ಆಮೇಲೆ ಟಾರ್ಚ್ ಬಿಡಿ. ಕಣ್ಣಿಲ್ಲದಿದ್ದರೂ ಮುದುಡಿ ಹಿಂದೆ ಸರಿಯುತ್ತದೆ, ಬೆಳಕು ಚರ್ಮಕ್ಕೇ ಗೊತ್ತಾಗುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿದರೆ ಅಷ್ಟಾಗಿ ಲೆಕ್ಕಿಸುವುದಿಲ್ಲ.

ಗಲಾಟೆಗೆ ಹೆದರುತ್ತವೆಯೇ? ಡಾರ್ವಿನ್ ಇದನ್ನೇ ಪರೀಕ್ಷಿಸಿ 1881ರಲ್ಲಿ ಪ್ರಕಟಿಸಿದ. ಪಿಯಾನೋ ನುಡಿಸಿದರೂ ಹುಳುಗಳು ಅಲುಗಲಿಲ್ಲ. ಅವಿದ್ದ ಕುಂಡವನ್ನು ಪಿಯಾನೋ ಮೇಲೇ ಇಟ್ಟು ನುಡಿಸಿದಾಗ ಸರಕ್ಕನೆ ಬಿಲ ಸೇರಿದವು. ಸದ್ದು ಕೇಳಿಸದು, ಅದುರು ತಿಳಿಯುತ್ತದೆ. ನಿಮಗೆ ಪಿಯಾನೋ ಬೇಡ, ಮಕ್ಕಳು ಮೊದಲು ಕೂಗಲಿ, ಆಮೇಲೆ ಬೆಂಚು ಗುದ್ದಲಿ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟಿರಿ!

ಇನ್ನು ಆ ಹುಡುಗ. ಮೈಗೆ ಉಂಗುರ ಹಾಕಿದಂತೆ ದಪ್ಪ ಪಟ್ಟಿ ಇರುತ್ತದಲ್ಲ, ಅದಕ್ಕೆ ಹತ್ತಿರವಿರುವ ತುದಿಯೇ ತಲೆ. ಬಾಲ ತುಂಡಾದರೆ ತಲೆ ಕಡೆಯ ಭಾಗ ಕೆಲವೊಮ್ಮೆ ಹೊಸ ಬಾಲ ಬೆಳೆಸಿಕೊಂಡು ಬದುಕುತ್ತದೆ. ಬಾಲದ ತುಂಡು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಹೊರಳಾಡಿ ಸಾಯುತ್ತದೆ. ಆ ಹೊರಳಾಟ ನೋಡಿಯೇ ಅವನು ಎರಡು ಅಂದಿರಬೇಕು. ಪಟ್ಟಿ ಹುಡುಕುವ ಕೆಲಸ ಅವನಿಗೇ ಕೊಡಿ. ಕತ್ತರಿ ಮಾತ್ರ ನಿಮ್ಮ ಬೀರುವಿನಲ್ಲಿರಲಿ.