ಅಗ್ಗದ ಟೆಲಿಕನ್ವರ್ಟರ್ ಕೊಳ್ಳಬಹುದೇ?

ಪ್ರಶ್ನೆ: ನನ್ನ ಡಿಎಸ್‌ಎಲ್‌ಆರ್‌ಗೆ 70–300 ಮಿ.ಮೀ., ಎಫ್/4–5.6 ಲೆನ್ಸ್ ಇದೆ. ಮಲ್ಪೆ ಬಂದರಿನಲ್ಲಿ ಹಾರುವ ಗರುಡಗಳನ್ನು ತೆಗೆಯಲು ಕಡಿಮೆ ಬೆಲೆಯ 2ಎಕ್ಸ್ ಟೆಲಿಕನ್ವರ್ಟರ್ (ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಕೂರಿಸಿ ಚಿತ್ರವನ್ನು ಹಿಗ್ಗಿಸುವ ಸಾಧನ) ಸಾಕೇ?
– ಓದುಗರೊಬ್ಬರು, ಉಡುಪಿ

ಉತ್ತರ: 2ಎಕ್ಸ್ ಖಂಡಿತ ಬೇಡ. 300 ಮಿ.ಮೀ. 600 ಆಗುತ್ತದೆ ನಿಜ, ಆದರೆ ಒಳಬರುವ ಬೆಳಕು ಕಾಲು ಭಾಗಕ್ಕಿಳಿದು ಎಫ್/5.6 ಇದ್ದದ್ದು ಎಫ್/11 ಆಗುತ್ತದೆ (ಈ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ). ಅಷ್ಟು ಮಂದ ಬೆಳಕಿನಲ್ಲಿ ಡಿಎಸ್‌ಎಲ್‌ಆರ್‌ನ ಆಟೋಫೋಕಸ್ ತಡಕಾಡುತ್ತಲೇ ಇರುತ್ತದೆ. ಗರುಡ ಅಷ್ಟರಲ್ಲಿ ದಾಟಿಹೋಗಿರುತ್ತದೆ. ಲೆನ್ಸಿನ ಮಸುಕೂ ಇಮ್ಮಡಿಯಾಗಿ ಕಾಣುತ್ತದೆ.

1.4ಎಕ್ಸ್ ವಾಸಿ: 420 ಮಿ.ಮೀ., ಎಫ್/8. ಕೊಳ್ಳುವ ಮೊದಲು ಲೆನ್ಸನ್ನು ಅಂಗಡಿಗೇ ಒಯ್ಯಿರಿ. ಕೆಲವು ಲೆನ್ಸ್‌ಗಳ ಹಿಂಗಾಜು ಕನ್ವರ್ಟರಿನ ಗಾಜಿಗೆ ತಾಗಿ ಗೀರು ಬೀಳುತ್ತದೆ, ಒತ್ತಿ ಕೂರಿಸಬೇಡಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ದೂರದ ನಾಮಫಲಕವೊಂದನ್ನು ಕನ್ವರ್ಟರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ತೆಗೆಯಿರಿ. ಎರಡನೆಯದನ್ನು ಕತ್ತರಿಸಿ ಹಿಗ್ಗಿಸಿದಾಗಲೂ ಅಕ್ಷರ ಅಷ್ಟೇ ಸ್ಪಷ್ಟವಾಗಿದ್ದರೆ ಹಣ ಉಳಿಸಿ.

ಹಾರುವ ಹಕ್ಕಿಗೆ ಶಟರ್ 1/1600 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ನಡುವಿನ ಒಂದೇ ಫೋಕಸ್ ಬಿಂದು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಕಾದ ಮರಳಿನ ಮೇಲಿನ ಬಿಸಿಗಾಳಿಯಲ್ಲಿ ಎಂಥ ಲೆನ್ಸಿನ ಚಿತ್ರವೂ ಕದಡುತ್ತದೆ. ನಮ್ಮ ಮಳೆಗಾಲದಲ್ಲಿ ಕನ್ವರ್ಟರಿಗೂ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.